ಎರಡು ಕೈ, ಎರಡು ಗಡಿಯಾರ

ನನ್ನ ಎಡಗೈಯಲ್ಲಿ ಎಚ್.ಎಂ.ಟಿ. ಜನತಾ, ಬಲಗೈಯಲ್ಲಿ ಮಗಳು ಕಟ್ಟಿದ ಸ್ಮಾರ್ಟ್‌ವಾಚು. ಇಟಗಿಯ ಭೀಮವ್ವನ ಗುಡಿಯಲ್ಲಿ ಕಂಡವರು ಸೆರಗು ಬಾಯಿಗಿಟ್ಟು ನಕ್ಕರು. ನಗಲಿ. ಆರು ತಿಂಗಳು ಎರಡನ್ನೂ ಕಟ್ಟಿ ನೋಡಿಯೇ ಬರೆಯುತ್ತಿದ್ದೇನೆ.

ಜನತಾ ನಮ್ಮಪ್ಪ ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು, ಮಗಳಿಗಲ್ಲ. ಆಗ ಹಾಗೇ ಅಲ್ಲವೇ? ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಗಡಿಯಾರ ಎಷ್ಟು ಅಳಿಯಂದಿರ ಕೈಯಲ್ಲಿ ಮೆರೆಯಿತೋ! 2016ರಲ್ಲಿ ಕೇಂದ್ರ ಸರಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ನಮ್ಮವರು ಹೋದ ಮೇಲೆ ಇದು ನನ್ನ ಕೈಗೆ ಬಂತು. ದಿನಾ ಕೀಲಿ ಕೊಡಬೇಕು; ಆದರೂ ಒಂದೆರಡು ನಿಮಿಷ ಹಿಂದೆ ಬೀಳುತ್ತದೆ. ಅದು ದೋಷವೇ, ಒಪ್ಪಿದೆ.

ಹೊಸದು ತಪ್ಪುವುದೇ ಇಲ್ಲವಂತೆ. ಆದರೆ ನಾನು ಒಲೆ ಮುಂದೆ ಕೂತು ರೊಟ್ಟಿ ಬಡಿದರೆ, ನಡೆದೆನೆಂದು ಹೆಜ್ಜೆ ಎಣಿಸುತ್ತದೆ! ಕೆಲಸ ಮುಗಿಸಿ ಮಧ್ಯಾಹ್ನ ತುಸು ಕೂತರೆ, ಎದ್ದು ಓಡಾಡೆಂದು ಕೈ ನಡುಗಿಸುತ್ತದೆ. ನಮ್ಮತ್ತೆಯೂ ಇಷ್ಟು ಕಾಡಿರಲಿಲ್ಲ. ಕಚೇರಿಯ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ ಬುದ್ಧಿ ಇದು. ಅಡುಗೆಮನೆಯ ಲೆಕ್ಕ ಅದಕ್ಕೆ ತಿಳಿಯದು.

ಆದರೂ ಬಿಚ್ಚಿಲ್ಲ. ಶ್ರಾವಣದಲ್ಲಿ ತಲೆ ತಿರುಗಿದಾಗ, ಸುಮ್ಮನೆ ಕೂತಿದ್ದರೂ ನಾಡಿ ನೂರಮೂವತ್ತಕ್ಕೇರಿದ್ದನ್ನು ತೋರಿಸಿದ್ದು ಅದರ ಹಸಿರು ಬೆಳಕೇ. ನಾನಾಗಿದ್ದರೆ ಪಿತ್ತವೆಂದು ಶುಂಠಿ ಕಷಾಯ ಕುಡಿದು ಮಲಗುತ್ತಿದ್ದೆ. ಮಗಳು ಗದಗಿಗೆ ಕರೆದೊಯ್ದಳು. ಈಗ ಮಾತ್ರೆ ನಡೆದಿದೆ.

"ಅವ್ವಾ, ಹಳೇದರ ತೆಗದಿಡು" ಎಂದಳು.

"ಅದು ನಿಮ್ಮಪ್ಪಂದವ್ವಾ" ಎಂದೆ. ಮತ್ತೆ ಕೇಳಲಿಲ್ಲ.

ರಾತ್ರಿ ಮಾತ್ರ ಎರಡನ್ನೂ ಒಂದೆಡೆ ಇಡುವುದಿಲ್ಲ. ಚಾರ್ಜರಿನ ಅಯಸ್ಕಾಂತ ಹಳೆಯದರ ಕೂದಲೆಳೆಯಂಥ ಸ್ಪ್ರಿಂಗಿಗೆ ತಾಗಿದರೆ ಅದರ ನಡಿಗೆ ಕೆಡುತ್ತದೆ. ಜನತಾ ಅವರ ಫೋಟೋದ ಕೆಳಗೆ, ಇನ್ನೊಂದು ಅಡುಗೆಮನೆಯ ಪ್ಲಗ್ಗಿನಲ್ಲಿ.