ಅರ್ಧ ಮಿಲಿಮೀಟರಿನ ಜಾಗ್ರತೆ

ಅಮೆರಿಕದಲ್ಲಿ ಎಆರ್-15 ರೈಫಲನ್ನ ‘ದೊಡ್ಡವರ ಲೆಗೋ’ ಅಂತಾರೆ. ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸೋರು ಬಹಳ. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಹಿಮ್ಮೆಟ್ಟುವ ಬೋಲ್ಟನ್ನು ತಡೆಯುವ ಬಫರ್, ಸ್ಪ್ರಿಂಗ್ ಕೂರೋದು ಹಿಂದಿನ ಕೊಳವೆಯೊಳಗೆ. ಭುಜಕ್ಕಾನಿಸುವ ಸ್ಟಾಕ್ ಜಾರೋದು ಅದೇ ಕೊಳವೆಯ ಮೇಲೆ. ಅದಕ್ಕೇ ಎರಡು ಅಳತೆ: ಮಿಲ್-ಸ್ಪೆಕ್ 1.148 ಇಂಚು, ಕಮರ್ಷಿಯಲ್ 1.168. ಕಮರ್ಷಿಯಲ್ ಸ್ಟಾಕನ್ನ ಮಿಲ್-ಸ್ಪೆಕ್ ಕೊಳವೆಗೆ ಹಾಕಿದ್ರೆ ಲೊಡಲೊಡ ಅನ್ನುತ್ತೆ. ಉಲ್ಟಾ ಮಾಡಿದ್ರೆ ಏರೋದೇ ಇಲ್ಲ.

ಈ ಅರ್ಧ ಮಿಲಿಮೀಟರನ್ನ ಎಲ್ಲರೂ ವಿಚಾರಿಸ್ತಾರೆ. ಆದರೆ ಫೆಡರಲ್ ಕಾನೂನಿಗೆ ಇದರಲ್ಲಿ ‘ಬಂದೂಕು’ ಅಂದ್ರೆ ಲೋವರ್ ರಿಸೀವರ್ ಮಾತ್ರ. ಡೀಲರ್ ಕೊಳ್ಳುವವನ ಹಿನ್ನೆಲೆ ನೋಡೋದು ಅದೊಂದಕ್ಕೇ. ಬ್ಯಾರಲ್, ಬಫರ್, ಸ್ಟಾಕ್ ಪಾರ್ಸೆಲ್‌ನಲ್ಲಿ ಮನೆಗೇ ಬರುತ್ತವೆ. ಭಾಗಗಳು ಒಂದಕ್ಕೊಂದು ಕೂರುತ್ತವಾ ಅಂತ ಇಷ್ಟು ತಲೆಕೆಡಿಸಿಕೊಳ್ಳೋರು, ಅವು ಯಾರ ಕೈಗೆ ಸೇರ್ತಿವೆ ಅಂತ ಅಷ್ಟೇ ಗಟ್ಟಿಯಾಗಿ ಕೇಳಬೇಕಿತ್ತು. ಆಟಿಕೆ ಅಂದುಬಿಟ್ರೆ ಆ ಪ್ರಶ್ನೆ ಏಳೋದೇ ಇಲ್ಲ.