ಸಾಲಿ ಟೈಮಿನಾಗ ರಸ್ತಾದ ಮ್ಯಾಲ

ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಜೂನ್‌ನಿಂದ ಮಾರ್ಚ್‌ವರೆಗೆ ಮತ್ತೆ ಮತ್ತೆ ಬರುತ್ತದೆ. ಬದಲಾಗುವುದು ಊರಿನ ಹೆಸರು ಮಾತ್ರ. ಒಮ್ಮೆ ಆಳಂದ ತಾಲ್ಲೂಕು, ಒಮ್ಮೆ ಅಫಜಲಪುರ, ಒಮ್ಮೆ ಜೇವರ್ಗಿ. ವಿದ್ಯಾರ್ಥಿಗಳು ಬಸ್ಸಿಗಾಗಿ ‘ದಿಢೀರ್’ ರಸ್ತೆ ತಡೆ ಮಾಡುತ್ತಾರೆ, ಪ್ರಯಾಣಿಕರು ‘ಪರದಾಡು’ತ್ತಾರೆ, ಅಧಿಕಾರಿಗಳು ‘ಭರವಸೆ’ ಕೊಡುತ್ತಾರೆ, ಪ್ರತಿಭಟನೆ ‘ಹಿಂಪಡೆಯ’ಲಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ನಾಲ್ಕು ಪದಗಳ ಮೇಲೆ ಅನುಮಾನ. ತಿಂಗಳುಗಟ್ಟಲೆ ಬಾರದ ಬಸ್ಸಿಗಾಗಿ ಕೂತವರ ಸಿಟ್ಟು ‘ದಿಢೀರ್’ ಹೇಗಾಗುತ್ತದೆ? ಪರದಾಟ ಎಂಬ ಪದ ಅರ್ಧ ತಾಸು ನಿಂತ ಪ್ರಯಾಣಿಕರಿಗೆ ಸಿಗುತ್ತದೆ, ವರ್ಷವಿಡೀ ನಿಂತ ಹುಡುಗಿಗೆ ಸಿಗುವುದಿಲ್ಲ. ಇಡೀ ವರದಿಯಲ್ಲಿ ಮಾತಾಡುವವರು ಅಧಿಕಾರಿ, ಮುಖಂಡ, ಪೊಲೀಸರು. ಮಕ್ಕಳು ಫೋಟೋದಲ್ಲಿ ಇರುತ್ತಾರೆ.

ಕಳೆದ ವರ್ಷ ಜೇವರ್ಗಿ ಕಡೆಯಿಂದ ಕಲಬುರಗಿಗೆ ಬರುವಾಗ ನಾನೂ ಆ ಪರದಾಡುವ ಪ್ರಯಾಣಿಕರಲ್ಲಿ ಒಬ್ಬನಾಗಿದ್ದೆ. ಬೆಳಿಗ್ಗೆ ಒಂಬತ್ತೂವರೆ. ಕ್ರಾಸಿನಲ್ಲಿ ಹುಡುಗ ಹುಡುಗಿಯರು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ರಸ್ತೆಯಲ್ಲಿ ಕೂತಿದ್ದರು. ಘೋಷಣೆ ಹೆಚ್ಚಿರಲಿಲ್ಲ. ನಮ್ಮ ಬಸ್ಸಿನ ಹಿರಿಯರೊಬ್ಬರು ಇಳಿದು ಹೋಗಿ, “ಸಾಲಿ ಟೈಮಿನಾಗ ರಸ್ತಾದ ಮ್ಯಾಲ ಏನ್ ಕೆಲಸರ್ವಾ ನಿಮಗ?” ಎಂದು ಗದರಿದರು. ಒಬ್ಬ ಹುಡುಗಿ ಕೂತಲ್ಲಿಂದಲೇ ಹೇಳಿದಳು: “ಸಾಲಿ ಟೈಮಿಗಿ ಸಾಲ್ಯಾಗ ಇರ್ಬೇಕಂತನ ಕುಂತೀವ್ರಿ ಕಾಕಾ.”

ಶಾಲೆಯ ವೇಳೆಯಲ್ಲಿ ಪ್ರತಿಭಟಿಸುವ ಹಕ್ಕು ಮಕ್ಕಳಿಗೆ ಇದೆಯೇ ಎಂದು ಯಾರಾದರೂ ಕೇಳಿದಾಗ ನನಗೆ ಆ ಮಾತು ನೆನಪಾಗುತ್ತದೆ. ಪ್ರಶ್ನೆಯೊಳಗೇ ಒಂದು ಊಹೆ ಅಡಗಿದೆ: ಶಾಲೆಯ ವೇಳೆ ಎಂಬುದು ಮಕ್ಕಳ ಕೈಯಲ್ಲಿತ್ತು, ಅವರಾಗಿಯೇ ಅದನ್ನು ಹಾಳು ಮಾಡಿಕೊಂಡರು. ಇಲ್ಲಿ ಮೊದಲ ಎರಡು ಪೀರಿಯಡ್ಡು ಆಗಲೇ ಹೋಗಿರುತ್ತವೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾರಣ ಬರೆಯುವ ಕಾಲಂ ಇಲ್ಲ.

ಕನ್ನಡದಲ್ಲಿ ಶಾಲಾ ಮಕ್ಕಳ ಹೋರಾಟವನ್ನೇ ಕಥೆಯಾಗಿಸಿದ ಕೃತಿ ಯಾವುದು ಎಂದು ಹುಡುಕಿದರೆ ತಟ್ಟನೆ ಎದುರಾಗುವುದು ರಿಷಬ್ ಶೆಟ್ಟಿಯವರ 2018ರ ಸಿನಿಮಾ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದ ಸಿನಿಮಾ. ನಾನೂ ನಕ್ಕು, ಕಣ್ಣೊರೆಸಿಕೊಂಡು ನೋಡಿದವನು. ಕನ್ನಡ ಬಾರದ ಮೇಷ್ಟರು ಬರುತ್ತಾರೆ, ಶಾಲೆಗೆ ಬೀಗ ಬೀಳುತ್ತದೆ. ಆಮೇಲೆ ಮೈಸೂರಿನಿಂದ ಒಬ್ಬ ಅನಂತಪದ್ಮನಾಭ ಬರಬೇಕಾಗುತ್ತದೆ. ನ್ಯಾಯಾಲಯದಲ್ಲಿ ಅನಂತನಾಗ್ ಮಾತಾಡುವ ದೃಶ್ಯಕ್ಕೆ ಚಿತ್ರಮಂದಿರದಲ್ಲಿ ಚಪ್ಪಾಳೆ ಬಿತ್ತು. ಆದರೆ ಆ ಹೊತ್ತಿಗೆ ಮಕ್ಕಳೇ ತಮ್ಮ ಮೊಕದ್ದಮೆಯ ಪ್ರೇಕ್ಷಕರಾಗಿರುತ್ತಾರೆ. ಪಾಠ ಅರ್ಥವಾಗುತ್ತಿಲ್ಲ ಎಂಬ ಪ್ರವೀಣನಂಥ ಹುಡುಗರ ಸಣ್ಣ, ಖಚಿತ ದೂರು ಹೋಗಿ ನುಡಿಯ ಬಗೆಗಿನ ದೊಡ್ಡವರ ಭಾಷಣ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಬಾರದ ಶಿಕ್ಷಕರ ನೇಮಕದ ವಿರುದ್ಧ ನಿಜವಾಗಿಯೂ ಬೀದಿಗೆ ಬಂದವರು. ಅವರ ಬೇಡಿಕೆ ಇದ್ದದ್ದು ಇಷ್ಟೇ: ನಮಗೆ ತಿಳಿಯುವಂತೆ ಪಾಠ ಹೇಳಿ. ಸಿನಿಮಾ ಅವರನ್ನು ಪ್ರೀತಿಸುತ್ತದೆ, ನಂಬುವುದಿಲ್ಲ.

ಕಾನೂನು ನಂಬುತ್ತದೆಯೇ? ಸಂವಿಧಾನದ 19ನೇ ವಿಧಿ ಶಾಂತಿಯುತವಾಗಿ, ನಿರಾಯುಧರಾಗಿ ಸೇರುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ಅಲ್ಲಿ ವಯಸ್ಸಿನ ಮಾತಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 15ನೇ ವಿಧಿ ಈ ಹಕ್ಕನ್ನು ಮಕ್ಕಳ ಹೆಸರು ಹಿಡಿದೇ ಹೇಳುತ್ತದೆ. 1985ರಲ್ಲಿ ಕೇರಳದ ಶಾಲೆಯೊಂದು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೇ ಇದ್ದ ಮೂವರು ಮಕ್ಕಳನ್ನು ಹೊರಹಾಕಿತು. ಮರುವರ್ಷ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಅಮೆರಿಕದ ಡೆ ಮೊಯ್ನ್‌ನಲ್ಲಿ 1965ರ ಡಿಸೆಂಬರ್‌ನಲ್ಲಿ ಹದಿಮೂರರ ಮೇರಿ ಬೆತ್ ಟಿಂಕರ್ ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ತರಗತಿಯಲ್ಲಿ ಕೂತಳು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ಗದ್ದಲವಾದೀತೆಂಬ ಬರೀ ಅಂಜಿಕೆ ಸಾಲದು, ಪಾಠಕ್ಕೆ ನಿಜವಾದ ಅಡ್ಡಿ ಆಗುತ್ತಿರಬೇಕು ಎಂಬುದು ಆ ತೀರ್ಪಿನ ತಿರುಳು.

ನಮ್ಮಲ್ಲಿ ಅಂಜಿಕೆಗೇ ಬೆಲೆ ಹೆಚ್ಚು. 2022ರ ಮಾರ್ಚ್ 15ರ ಹಿಜಾಬ್ ತೀರ್ಪಿನಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯನ್ನು ವ್ಯಕ್ತಿಯ ಹಕ್ಕಿಗಿಂತ ಶಿಸ್ತು ಮೇಲಾಗುವ ಜಾಗವೆಂದು ಓದಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೀಠ ಇಬ್ಭಾಗವಾದಾಗ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಶಾಲೆಯ ಗೇಟಿನಲ್ಲಿ ಹುಡುಗಿಯ ಘನತೆ ಕಳಚುವುದಿಲ್ಲ ಎಂಬ ಅರ್ಥದ ಮಾತು ಬರೆದರು. ಆ ವಿವಾದ ಬೇರೆ, ಬಸ್ಸಿನದು ಬೇರೆ. ಆದರೆ ಗೇಟು ಒಂದೇ.

ಇಲ್ಲೊಂದು ತೊಡಕಿದೆ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಆದರೆ ರಸ್ತೆಯಲ್ಲಿ ಕೂತವರು ಬಹುಮಟ್ಟಿಗೆ ಹೈಸ್ಕೂಲು, ಪಿಯುಸಿಯವರು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ; ಬಸ್ಸು ಬೇಕಾಗುವುದು ಹೆಚ್ಚಾಗಿ ಹೈಸ್ಕೂಲಿಗೆ ಹೋಗುವಾಗ. ಕಾಯ್ದೆಯ ನೆರಳು ಮುಗಿಯುವ ಜಾಗದ ಹತ್ತಿರವೇ ಡಾಂಬರು ರಸ್ತೆ ಶುರುವಾಗುತ್ತದೆ. “ಟಿಸಿ ಕೊಟ್ಟು ಕಳಸ್ತೀನಿ” ಎಂಬ ಒಂದು ಮಾತು ಅವರನ್ನು ಎಬ್ಬಿಸಲು ಸಾಕು.

ಮೇಷ್ಟರ ಕಷ್ಟವನ್ನೂ ಹೇಳಬೇಕು. ನನಗೆ ಪರಿಚಯದ ಮುಖ್ಯಗುರುಗಳೊಬ್ಬರು, “ಲಾರಿ ಬಂದು ಗುದ್ದಿದ್ರ ನನ್ನ ಸಸ್ಪೆಂಡ್ ಮಾಡ್ತಾರ, ನಿನಗಲ್ಲ” ಎಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಯಾವುದೋ ಸಂಘಟನೆ ತನ್ನ ಬಾವುಟ ಹಿಡಿಸಲು ಮಕ್ಕಳನ್ನು ತರಗತಿಯಿಂದ ಎಬ್ಬಿಸಿಕೊಂಡು ಹೋಗುವುದನ್ನೂ ನಾವೆಲ್ಲ ನೋಡಿದ್ದೇವೆ. ಓದುವಾಗ ನಾನೂ ಹಾಗೆ ಹೋಗಿದ್ದೆ, ಯಾತಕ್ಕೆಂದು ಇವತ್ತಿಗೂ ಗೊತ್ತಿಲ್ಲ. ವಿದ್ಯಾರ್ಥಿ ಹೋರಾಟ ಎಂದ ಮಾತ್ರಕ್ಕೆ ಅದು ನ್ಯಾಯದ ಪರ ಇರುತ್ತದೆಂದೂ ಇಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ಬೀದಿಗಿಳಿದವರು ವಿದ್ಯಾರ್ಥಿಗಳೇ, ಏಟು ತಿಂದ ದಲಿತರೂ ವಿದ್ಯಾರ್ಥಿಗಳೇ. ‘ಶಾಂತಿಯುತ’ ಎಂಬ ವಿಶೇಷಣವನ್ನು ನಾನು ಬಿಟ್ಟುಕೊಡಲಾರದ್ದು ಅದಕ್ಕೆ. ರಸ್ತೆ ತಡೆಯನ್ನು ಪೂರ್ತಿ ಸಮರ್ಥಿಸಲೂ ಆರೆ. ಸಾಲಿನಲ್ಲಿ ನಿಂತ ಬಸ್ಸಿನಲ್ಲಿ ದವಾಖಾನೆಗೆ ಹೊರಟವರೂ ಇರುತ್ತಾರೆ. ಆದರೆ ಶಾಲೆಯ ಅಂಗಳದಲ್ಲಿ ಮೌನವಾಗಿ ಕೂತರೆ ಅಶಿಸ್ತು, ಅರ್ಜಿ ಕೊಟ್ಟರೆ ಸ್ವೀಕೃತಿ ಇಲ್ಲ ಎಂದ ಮೇಲೆ ಮಕ್ಕಳಿಗೆ ಉಳಿಯುವುದು ಕ್ರಾಸ್ ಒಂದೇ.

ಅವತ್ತು ಮುಕ್ಕಾಲು ತಾಸಿನ ನಂತರ ದಾರಿ ಬಿಟ್ಟರು. ಭರವಸೆ ಸಿಕ್ಕಿತ್ತು. ನಮ್ಮ ಬಸ್ಸಿಗೇ ಹತ್ತಿದ ಆ ಹುಡುಗಿ ನನ್ನ ಪಕ್ಕ ನಿಂತು, ನೋಟ್‌ಬುಕ್ಕಿನ ಹಾಳೆಯೊಂದನ್ನು ತೋರಿಸಿ, “ಅಣ್ಣಾ, ಇದು ಬರೋಬರಿ ಐತೇನ್ ನೋಡ್ರಿ” ಎಂದಳು. ವಿಷಯ: ಬೆಳಿಗ್ಗೆ ಎಂಟೂವರೆಗೆ ಬಸ್ಸು ಬಿಡುವ ಕುರಿತು. ಕೆಳಗೆ ಮೂವತ್ತೊಂದು ಸಹಿ ಇತ್ತು. ಒಂದು ಅಕ್ಷರವನ್ನೂ ತಿದ್ದುವ ಅಗತ್ಯವಿರಲಿಲ್ಲ, ಹಾಗೇ ಹೇಳಿದೆ. ಅವಳು ಹಾಳೆ ಮಡಚುತ್ತಾ ಕೇಳಿದಳು: “ಹೆಸರ ಇದ್ರ ನಡೀತದೇನ್ರಿ? ಸರು ಹೆಸರ ಹೊಡದ ಹಾಕ್ರಿ ಅಂದಾರ.”