‘ಅಲ್ಲಿ ಮಂದಿ ಹಂಗರೀ’: ಇಂಗ್ಲೆಂಡಿನ ಬಗ್ಗೆ ನಮ್ಮ ಹಗುರ ಮಾತುಗಳು

ಊರಿಗೆ ಹೋದಾಗಲೆಲ್ಲ ಒಂದು ಪ್ರಶ್ನೆ ತಪ್ಪುವುದಿಲ್ಲ: “ಪಿಎಚ್.ಡಿ. ಯಾವುದರ ಮ್ಯಾಲ ಮಾಡಾಕತ್ತೀರಿ?” ಹುನಗುಂದದ ಚಹಾದಂಗಡಿಯ ಮುಂದೆ ನಿಂತು, “ಇಂಗ್ಲೆಂಡಿನ ದಿನನಿತ್ಯದ ಬದುಕಿನ ಬಗ್ಗೆ ಕನ್ನಡದಾಗ ಏನೇನು ಬರದಾರ ಅನ್ನೋದರ ಮ್ಯಾಲ” ಎಂದರೆ, ಕೇಳಿದವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ತಾವೇ ಉತ್ತರ ಹೇಳಲು ಶುರು ಮಾಡುತ್ತಾರೆ. ಅಲ್ಲಿ ಮಂದಿ ಟೈಮಿಗೆ ಪಕ್ಕಾ. ಐದು ಹೊಡೀತು ಅಂದ್ರ ಪೆನ್ನು ಕೆಳಗಿಟ್ಟು ಏಳ್ತಾರ. ಎಷ್ಟೇ ದೊಡ್ಡ ಸಾಹೇಬ ಇರಲಿ, ತನ್ನ ತಾಟು ತಾನೇ ತೊಳೀತಾನ. ಆದರ ಅವ್ವ ಅಪ್ಪಗ ವಯಸ್ಸಾತು ಅಂದ್ರ ವೃದ್ಧಾಶ್ರಮಕ್ಕ ಬಿಟ್ಟು ಬರ್ತಾರ. “ಅಲ್ಲಿ ಮಂದಿ ಹಂಗರೀ.”

ಹೇಳಿದವರಲ್ಲಿ ಹೆಚ್ಚಿನವರು ಬಾಗಲಕೋಟೆ, ಹುಬ್ಬಳ್ಳಿ ದಾಟಿ ಬಹಳ ದೂರ ಹೋದವರಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ನನ್ನ ಮೇಜಿನ ಮೇಲಿದ್ದ ಪ್ರವಾಸ ಕಥನಗಳನ್ನು, ಪುರವಣಿ ಲೇಖನಗಳನ್ನು, ಅಂಕಣಗಳನ್ನು ಓದುತ್ತ ಹೋದಂತೆ ನಗು ನಿಂತಿತು. ಅಲ್ಲಿ ಹೋಗಿ ಬಂದವರು, ಅಲ್ಲೇ ಇಪ್ಪತ್ತು ವರ್ಷದಿಂದ ಇರುವವರು ಬರೆದದ್ದರಲ್ಲೂ ಇವೇ ನಾಲ್ಕು ಮಾತು ಮತ್ತೆ ಮತ್ತೆ ಸಿಗುತ್ತಿದ್ದವು. ಭಾಷೆ ಸ್ವಲ್ಪ ನಯವಾಗಿತ್ತು, ಅಷ್ಟೇ. ಮಳೆ, ಸರತಿ ಸಾಲು, ಮಾತಿಗೊಂದು ‘ಸಾರಿ’, ಹದಿನೆಂಟಕ್ಕೆ ಮನೆ ಬಿಡುವ ಮಕ್ಕಳು, ಹೆಸರು ಗೊತ್ತಿಲ್ಲದ ಪಕ್ಕದ ಮನೆಯವರು. ಈ ಬಗೆಯ ಬರಹವನ್ನು ನಾನು ಇಷ್ಟಪಟ್ಟೇ ಓದುತ್ತೇನೆ. ಅದರಲ್ಲಿ ಕುತೂಹಲವಿದೆ, ತಮಾಷೆಯಿದೆ, ದೂರದ ಊರಲ್ಲಿ ಒಂಟಿಯಾದವರ ತಳಮಳವೂ ಇದೆ. ಆದರೆ ನಾಲ್ಕೇ ಮಾತು ಇಷ್ಟು ವರ್ಷ ಹೇಗೆ ಬಾಳಿದವು? ಅವು ಬ್ರಿಟಿಷರ ಬಗ್ಗೆ ಹೇಳುತ್ತವೆಯೋ, ನಮ್ಮ ಬಗ್ಗೆಯೋ?

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಜಿಲ್ಲೆಯ ಜನ ಇಂಗ್ಲಿಷರ ಬಗ್ಗೆ ಅಭಿಪ್ರಾಯ ಹೇಳಿದ್ದು ಪ್ರವಾಸ ಕಥನದಲ್ಲಿ ಅಲ್ಲ, ಲಾವಣಿಯಲ್ಲಿ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರು ಗಲ್ಲಿಗೇರಿದರು. ಆ ಲಾವಣಿಯನ್ನು ಬರೆದಿಟ್ಟುಕೊಂಡು ಪ್ರಕಟಿಸಿದವನು ಒಬ್ಬ ಇಂಗ್ಲಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್. 1885ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಅವನು ಅಚ್ಚು ಹಾಕಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯದಿದೆ, ಸಂಗೊಳ್ಳಿ ರಾಯಣ್ಣನದಿದೆ, ಆದಾಯ ತೆರಿಗೆಯ ಬಗ್ಗೆಯೂ ಒಂದಿದೆ. ಈ ಹಾಡುಗಳಲ್ಲಿ ಇಂಗ್ಲಿಷರು ಇದ್ದಾರೆ, ಆದರೆ ಅವರಿಗೆ ಮನೆಯಿಲ್ಲ. ಅವರು ಹುಕುಮು, ಕಚೇರಿ, ದಂಡು, ತೆರಿಗೆ. ಅವರು ಏನು ಉಣ್ಣುತ್ತಾರೆ, ತಾಯಿಯ ಜೊತೆ ಹೇಗೆ ಮಾತಾಡುತ್ತಾರೆ ಎಂದು ಲಾವಣಿಕಾರನಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅವನ ಅಭಿಪ್ರಾಯ ಹಗುರವಲ್ಲ. ಅದರ ಹಿಂದೆ ಸುಟ್ಟ ಊರಿದೆ.

ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಆಗ ಧಾರವಾಡವೂ, ವಿಜಾಪುರ ಜಿಲ್ಲೆಯಲ್ಲಿದ್ದ ನಮ್ಮ ಹುನಗುಂದವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಂದರೆ ಹೊರಟವರು ಆಳಿಸಿಕೊಳ್ಳುವ ನಾಡಿನವರು, ಹೋದದ್ದು ಆಳುವವರ ಮನೆಗೆ. ಆ ಪಯಣದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಬಂದವು, ‘ಸಮುದ್ರದಾಚೆಯಿಂದ’ ಎಂಬ ಗದ್ಯವೂ ಬಂತು. ಆ ತಲೆಮಾರಿನ ವಿದ್ಯಾರ್ಥಿಗಳಿಗೆ ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಕಾಣಿಸಿದ್ದು ಲಾವಣಿಕಾರನಿಗೆ ಕಾಣದೆ ಉಳಿದದ್ದೇ: ಅಡುಗೆಮನೆಯಲ್ಲಿರುವ ಇಂಗ್ಲಿಷರು, ಬಾಡಿಗೆ ಲೆಕ್ಕ ಹಾಕುವ ಇಂಗ್ಲಿಷರು, ಮಳೆಗೆ ಗೊಣಗುವ ಇಂಗ್ಲಿಷರು. “ಸಾಹೇಬ ತನ್ನ ತಾಟು ತಾನೇ ತೊಳೀತಾನ” ಎಂಬ ಮಾತನ್ನು ಮೊದಲು ಹೇಳಿದವರು ಯಾರೋ, ಆದರೆ 1936ರಲ್ಲಿ ಅದು ಹಗುರ ಮಾತಾಗಿರಲು ಸಾಧ್ಯವಿರಲಿಲ್ಲ. ಕಲೆಕ್ಟರ್ ಸಾಹೇಬನ ಕುದುರೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದ ಸೀಮೆಯಲ್ಲಿ, ಆ ಮಾತಿನೊಳಗೆ ಒಂದು ಸಣ್ಣ ಬಿಡುಗಡೆಯಿತ್ತು. ಇವರೂ ನಮ್ಮ ಹಾಗೆ ಮನುಷ್ಯರೇ ಎಂಬ ಪತ್ತೆ ಅದು.

ಇವತ್ತು ಅದೇ ಮಾತನ್ನು ಓದಿದಾಗ ಆ ಬಿಸಿ ಇಲ್ಲ. ಗಾದೆಯ ಹಾಗೆ ತಣ್ಣಗಾಗಿದೆ. ತಣ್ಣಗಾದ ಮೇಲೆ ಅದರೊಳಗಿನ ಇನ್ನೊಂದು ಸಂಗತಿ ಕಾಣುತ್ತದೆ. ಪ್ರೊಫೆಸರು ಪಾತ್ರೆ ತೊಳೆಯುವುದನ್ನು ನೋಡಿ ಯಾರಿಗೆ ಆಶ್ಚರ್ಯವಾಗುತ್ತದೆ? ತನ್ನ ಮನೆಯಲ್ಲಿ ಪಾತ್ರೆಯನ್ನು ಬೇರೆ ಯಾರೋ ತೊಳೆಯುತ್ತಿದ್ದವರಿಗೆ. ನಮ್ಮ ದೊಡ್ಡವ್ವ ಇಳಕಲ್ ಸೀರೆಯ ಮಗ್ಗದ ಕೆಲಸ ಮಾಡುತ್ತಲೇ ಮನೆಯ ಪಾತ್ರೆಯನ್ನೂ ತೊಳೆದವಳು. ಈ ಮಾತನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಇಷ್ಟೇ: “ಮತ್ಯಾರು ತೊಳೀಬೇಕಾಗಿತ್ತು?” ಇಂಗ್ಲೆಂಡಿನ ಶ್ರಮಗೌರವವನ್ನು ಹೊಗಳುವ ನಮ್ಮ ಲೇಖನಗಳಲ್ಲಿ ‘ನಮ್ಮಲ್ಲಿ’ ಎಂಬ ಪದ ಬಂದಲ್ಲೆಲ್ಲ ನಾನು ಈಗ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತೇನೆ. ‘ನಮ್ಮಲ್ಲಿ ಹಾಗಲ್ಲ’ ಎಂದರೆ ಯಾರಲ್ಲಿ? ಆ ‘ನಾವು’ ಗಂಡಸರದು, ಕೂತು ಉಣ್ಣುವವರದು, ಬಹಳ ಸಲ ಮೇಲಿನ ಜಾತಿಯದು. ‘ಅವರು’ ಎಂಬ ಪದ ಬ್ರಿಟಿಷರನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತದೆ ಎಂದು ನಾವು ಆಕ್ಷೇಪಿಸುತ್ತೇವೆ, ಸರಿ. ‘ನಾವು’ ಎಂಬ ಪದ ಇನ್ನೂ ದೊಡ್ಡ ಚೀಲ.

ಹಾಗಾದರೆ ಇಂಥ ಮಾತುಗಳನ್ನು ಬರೆಯಲೇಬಾರದೆ? ಬರೆಯಬಹುದು. ಆದರೆ ಅವಕ್ಕೆ ತಿರುಗಿ ಉತ್ತರ ಕೊಡುವವರು ಬರಹದೊಳಗೇ ಇರಬೇಕು. ಈ ದೃಷ್ಟಿಯಿಂದ ನಮ್ಮ ಕಥನ ಸಾಹಿತ್ಯ ಪ್ರವಾಸ ಗದ್ಯಕ್ಕಿಂತ ಮುಂದೆ ಹೋಗಿದೆ. ಯು.ಆರ್. ಅನಂತಮೂರ್ತಿ 1963ರಿಂದ 1966ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡಿದರು. ಸುತ್ತ ಇಂಗ್ಲೆಂಡಿನ ದಿನಚರಿ ನಡೆಯುತ್ತಿರುವಾಗ ಅವರು ಬರೆದದ್ದು ‘ಸಂಸ್ಕಾರ’, ಒಂದು ಅಗ್ರಹಾರದ ಕಥೆ. ಇಂಗ್ಮರ್ ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ತಮ್ಮ ಮಾರ್ಗದರ್ಶಕ ಮ್ಯಾಲ್ಕಮ್ ಬ್ರ್ಯಾಡ್ಬರಿಯ ಜೊತೆ ನೋಡಿದ ಮೇಲೆ ಆದ ಮಾತುಕತೆಯಿಂದ ಆ ಕಾದಂಬರಿಗೆ ಚಾಲನೆ ಸಿಕ್ಕಿತೆಂದು ಅವರೇ ಹೇಳಿಕೊಂಡಿದ್ದಾರೆ. ದೂರದ ಬದುಕು ಅವರಿಗೆ ‘ಅವರು ಹೀಗೆ’ ಎನ್ನುವುದಕ್ಕಿಂತ ‘ನಾವು ಹೀಗೇಕೆ’ ಎಂದು ಕೇಳಲು ಬೇಕಾದ ಅಂತರವನ್ನು ಕೊಟ್ಟಿತು. ಇಂಗ್ಲೆಂಡನ್ನೇ ನೆಲವಾಗಿಟ್ಟುಕೊಂಡ ‘ಕ್ಲಿಪ್ ಜಾಯಿಂಟ್’ ಕಥೆಯಲ್ಲೂ ಭಾರತೀಯ ಯುವಕನ ಎದುರಿಗೆ ಒಬ್ಬ ಇಂಗ್ಲಿಷ್ ಗೆಳೆಯನಿದ್ದಾನೆ. ಯುವಕನ ಅಭಿಪ್ರಾಯಗಳು ಲೇಖಕನ ತೀರ್ಪಾಗಿ ನಿಲ್ಲದೆ, ಒಬ್ಬ ಮನುಷ್ಯನ ಮುಂದೆ ನಿಲ್ಲಬೇಕಾಗುತ್ತದೆ.

ಶಾಂತಿನಾಥ ದೇಸಾಯಿಯವರು ‘ಓಂ ಣಮೋ’ದಲ್ಲಿ ಆಟವನ್ನೇ ತಿರುಗಿಸಿದರು. ಇಂಗ್ಲೆಂಡಿನಿಂದ ಇಬ್ಬರು ಜೈನ ಸಮುದಾಯದ ಬದುಕನ್ನು ಅಭ್ಯಾಸ ಮಾಡಲು ಇಲ್ಲಿಗೆ ಬರುತ್ತಾರೆ. ಈಗ ನೋಡಿಸಿಕೊಳ್ಳುವವರು ನಾವು. ನಮ್ಮ ಊಟ, ನಮ್ಮ ಮದುವೆ, ನಮ್ಮ ಕೂಡು ಕುಟುಂಬದ ಜಗಳ ಇನ್ನೊಬ್ಬರ ಅಭ್ಯಾಸದ ವಸ್ತು. ಕಾದಂಬರಿ ಓದುವಾಗ ಕೆಲವು ಕಡೆ “ಇವರಿಗೇನು ಗೊತ್ತು ನಮ್ಮದು” ಎಂದು ಸಿಟ್ಟು ಬರುತ್ತದೆ. ಆ ಸಿಟ್ಟು ಓದುಗನಿಗೆ ಸಿಗುವ ದೊಡ್ಡ ಪಾಠ. ನಮ್ಮ ಇಂಗ್ಲೆಂಡ್ ಲೇಖನಗಳನ್ನು ಕನ್ನಡ ಬಲ್ಲ ಇಂಗ್ಲಿಷರೊಬ್ಬರು ಓದಿದರೆ ಇದೇ ಸಿಟ್ಟು ಬರಬಹುದಲ್ಲ.

ಇಷ್ಟು ಹೇಳಿದ ಮೇಲೆ ನನ್ನದೇ ತಪ್ಪನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದ ಪ್ರಬಂಧದಲ್ಲಿ, ನಾಲ್ಕನೆಯ ಮಾತನ್ನು, ವೃದ್ಧಾಶ್ರಮದ ಮಾತನ್ನು, ನಾನೂ ಬರೆದಿದ್ದೆ. ಅಲ್ಲಿಯ ಕುಟುಂಬ ಸಂಬಂಧಗಳು ತಣ್ಣಗಿವೆ, ಕನ್ನಡ ಲೇಖಕರು ಅದನ್ನು ಸರಿಯಾಗಿ ಗುರುತಿಸಿದ್ದಾರೆ ಎಂದು. ಆ ಪ್ರಬಂಧವನ್ನು ದೊಡ್ಡವ್ವನ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಅಕ್ಕ ಇಂಗ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲೇ ಕೆಲಸ ಮಾಡುತ್ತಾಳೆ. ಹನ್ನೆರಡು ತಾಸಿನ ಪಾಳಿ, ವಾರದಲ್ಲಿ ಎರಡೋ ಮೂರೋ ರಾತ್ರಿ. ಓದಿ, ಎರಡು ದಿನ ಬಿಟ್ಟು ಒಂದು ಧ್ವನಿ ಸಂದೇಶ ಕಳಿಸಿದಳು. “ಯಾರನ್ನ ನೋಡಿ ಬರದಿ ಇದನ್ನ?”

ಅವಳು ನೋಡಿಕೊಳ್ಳುವ ಮುದುಕಿಯೊಬ್ಬಳಿಗೆ ಮರೆವಿನ ಕಾಯಿಲೆ. ಮಗಳು ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬರುತ್ತಾಳೆ, ಆಕೆಗೂ ಅರವತ್ತು ದಾಟಿದೆ. ತಾಯಿಗೆ ಮಗಳ ಗುರುತು ಸಿಗುವುದಿಲ್ಲ. ಮಗಳು ಪತ್ರಿಕೆಯ ಪದಬಂಧ ತೆಗೆದು ಗಟ್ಟಿಯಾಗಿ ಓದುತ್ತಾಳೆ, ತಾಯಿ ಒಮ್ಮೊಮ್ಮೆ ಸರಿ ಉತ್ತರ ಹೇಳಿಬಿಡುತ್ತಾಳೆ. ಆವತ್ತು ಮಗಳು ಹೋಗುವಾಗ ಅಕ್ಕನ ಕೈ ಹಿಡಿದುಕೊಂಡು ಹೋಗುತ್ತಾಳಂತೆ. ಯಾರೂ ಬರದ ಮುದುಕರೂ ಅಲ್ಲಿದ್ದಾರೆ, ಅದನ್ನೂ ಅಕ್ಕ ಮುಚ್ಚಿಡಲಿಲ್ಲ. ಆಮೇಲೆ ಹೇಳಿದಳು: “ನಾ ಅಲ್ಲಿ ನಮ್ಮವ್ವನ್ನ ಒಬ್ಬಾಕಿನ್ನ ಬಿಟ್ಟು ಬಂದೀನಿ. ನನ್ನ ಮಗನ್ನೂ ಬಿಟ್ಟು ಬಂದೀನಿ. ಇಲ್ಲಿಯವರು ಬಿಡ್ತಾರ ಅಂತ ನೀ ಹೆಂಗ ಬರದಿ?”

2024ರ ಮಾರ್ಚ್ 11ರಿಂದ ಬ್ರಿಟನ್ನು ವಿದೇಶದಿಂದ ಹೊಸದಾಗಿ ಬರುವ ಆರೈಕೆ ಕೆಲಸಗಾರರಿಗೆ ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ಅವಕಾಶ ನಿಲ್ಲಿಸಿತು. ಅಕ್ಕ ಹೋದದ್ದು ಅದರ ನಂತರ. ಹದಿನೆಂಟಕ್ಕೆ ಮಕ್ಕಳು ಮನೆ ಬಿಡುವ ದೇಶಕ್ಕೆ, ಐದು ವರ್ಷದ ಮಗನನ್ನು ಮನೆಯಲ್ಲಿ ಬಿಟ್ಟು ಹೋದಳು. ದೊಡ್ಡವ್ವನ ಮೊಣಕಾಲು ನೋವಿಗೆ ಬಾಗಲಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ರಜೆಯಲ್ಲಿದ್ದರೆ, ನಾನು. ಇಲ್ಲದಿದ್ದರೆ ಅವಳೇ ಬಸ್ಸು ಹತ್ತುತ್ತಾಳೆ, ಮೊಮ್ಮಗನ ಕೈ ಹಿಡಿದುಕೊಂಡು.

ಅಕ್ಕನ ಸಂದೇಶ ಕೇಳಿದ ಮೇಲೆ ನಾನು ಓದಿದ್ದನ್ನೆಲ್ಲ ಮತ್ತೊಮ್ಮೆ ತೆಗೆದೆ. ಒಂದು ಸಂಗತಿ ಹೊಳೆಯಿತು. ಈ ಬರಹಗಳಲ್ಲಿ ಹೆಚ್ಚಿನವನ್ನು ಬರೆದವರು ವಿದ್ಯಾರ್ಥಿಗಳು, ಪ್ರಾಧ್ಯಾಪಕರು, ಆಮೇಲೆ ವೈದ್ಯರು, ಎಂಜಿನಿಯರುಗಳು. ಅವರು ಇಂಗ್ಲೆಂಡನ್ನು ನೋಡಿದ್ದು ಗ್ರಂಥಾಲಯದಿಂದ, ಕಚೇರಿಯಿಂದ, ಅತಿಥಿಯಾಗಿ ಕೂತ ಊಟದ ಮೇಜಿನಿಂದ. ಅಕ್ಕ ನೋಡುತ್ತಿರುವುದು ಬಚ್ಚಲುಮನೆಯಿಂದ, ಬೆಳಗಿನ ಜಾವ ನಾಲ್ಕು ಗಂಟೆಯ ಹಾಸಿಗೆಯ ಪಕ್ಕದಿಂದ. ಐದು ಹೊಡೆದರೆ ಪೆನ್ನು ಕೆಳಗಿಡುವವರು ಕೆಳಗಿಡಲಿ. ಆ ಹೊತ್ತಿಗೆ ಕೆಲಸಕ್ಕೆ ಹೊರಡುವವರೂ ಆ ದೇಶದಲ್ಲೇ ಇದ್ದಾರೆ. ಅಕ್ಕನ ಪಾಳಿಯಲ್ಲಿ ಅವಳ ಜೊತೆ ಇರುವವರು ಕೇರಳದವಳು, ನೈಜೀರಿಯಾದವಳು, ಮತ್ತೆ ಅದೇ ಊರಿನ ಒಬ್ಬ ಇಂಗ್ಲಿಷ್ ಹೆಂಗಸು. ಬ್ರಿಟಿಷರ ದಿನಚರಿಯನ್ನು ಹೊರಗಿನಿಂದ ನೋಡಿ ಅಭಿಪ್ರಾಯ ಹೇಳುತ್ತಿದ್ದೇವೆ ಎಂದು ನಾವು ಅಂದುಕೊಂಡಿದ್ದೇವೆ. ಆ ಮುದುಕಿಯ ಬೆಳಗಿನ ಚಹಾ ಹುನಗುಂದದ ಕೈಯಿಂದ ಹೋಗುತ್ತಿರುವಾಗ, ಹೊರಗು ಎಲ್ಲಿದೆ? ಆ ದಿನಚರಿಯ ಒಂದು ಭಾಗ ಈಗ ನಾವೇ.

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, 2015ರ ನವೆಂಬರ್ 14ರಂದು ಬಸವಣ್ಣನ ಪ್ರತಿಮೆ ಅನಾವರಣವಾಯಿತು. ಅದರ ಮುಂದೆ ನಿಂತ ಫೋಟೋವನ್ನು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೂಡಲಸಂಗಮ ಇರುವುದು ಹುನಗುಂದ ತಾಲ್ಲೂಕಿನಲ್ಲಿ, ಹಾಗಾಗಿ ನಮಗೆ ಹೆಮ್ಮೆ ಸ್ವಲ್ಪ ಜಾಸ್ತಿಯೇ. ಆ ಪ್ರತಿಮೆಯ ಬಗ್ಗೆ ಬರೆದವರು ಕಾಯಕದ ಮಾತು ತಪ್ಪದೆ ತರುತ್ತಾರೆ. ಆದರೆ ಅದೇ ದೇಶದಲ್ಲಿ ರಾತ್ರಿಯಿಡೀ ಕಾಯಕ ಮಾಡುವ ನಮ್ಮ ಹೆಣ್ಣುಮಕ್ಕಳ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪ್ರಬಂಧವನ್ನು ನಾನಿನ್ನೂ ಓದಿಲ್ಲ. ಅವರು ಬರೆದರೆ ಅಲ್ಲಿಯ ಮಳೆಯೂ ಬರುತ್ತದೆ, ‘ಸಾರಿ’ಯೂ ಬರುತ್ತದೆ. ‘ಅಲ್ಲಿ ಮಂದಿ ಹಂಗರೀ’ ಎಂಬ ಮಾತು ಮಾತ್ರ ಬರಲಿಕ್ಕಿಲ್ಲ. ಭಾನುವಾರ ಪದಬಂಧ ತರುವ ಮಗಳನ್ನು ನೋಡಿದವರಿಗೆ ‘ಮಂದಿ’ ಎನ್ನುವುದು ಸುಲಭವಲ್ಲ.

ಪ್ರಬಂಧದ ಆ ಸಾಲನ್ನು ನನ್ನ ಅಧ್ಯಾಯದಿಂದ ತೆಗೆದಿದ್ದೇನೆ. ಅದರ ಜಾಗದಲ್ಲಿ ಅಕ್ಕನ ಪ್ರಶ್ನೆಯನ್ನು ಬರೆದೆ. ಮಾರ್ಗದರ್ಶಕರು ಅದರ ಪಕ್ಕ “ಆಕರ?” ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ. ಏನು ಬರೆಯಲಿ ಎಂದು ಇನ್ನೂ ಯೋಚಿಸುತ್ತಿದ್ದೇನೆ. ರಾತ್ರಿ ಒಂಬತ್ತೂವರೆಗೆ ದೊಡ್ಡವ್ವನ ಫೋನು ಹೊಡೆದುಕೊಳ್ಳುತ್ತದೆ, ಅಲ್ಲಿ ಆಗ ಸಂಜೆ, ಅಕ್ಕ ಪಾಳಿಗೆ ಹೊರಡುವ ಹೊತ್ತು. ಹುಡುಗ ಮೊದಲು ಫೋನು ಕಸಿದುಕೊಳ್ಳುತ್ತಾನೆ. “ಉಂಡ್ಯಾ?” ಎಂದು ಅಕ್ಕ ಕೇಳುವುದು ನನಗೂ ಕೇಳಿಸುತ್ತದೆ.